ಪರದೆ ಕಪ್ಪಾದರೆ ಪೆಟ್ಟಿಗೆಯೇ ಗುಜರಿಗೆ?

ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಗಾದೆ ಎಲ್ಲರಿಗೂ ಗೊತ್ತು. ಆಳಂದದ ಮನೆಗಳಲ್ಲಿ ಈಗ ಕಂಪ್ಯೂಟರಿನ ಮಾನಿಟರಿಗೂ ಅದೇ ಗತಿ ಬಂದಿದೆ. ಪರದೆ ಕಪ್ಪಾದರೆ ಸಾಕು, ‘ಹೋಯ್ತು ಬಿಡ್ರಿ, ಹೊಸದೇ ತರಬೇಕಾಗ್ತದ’ ಎಂಬ ತೀರ್ಪು ಪೆಟ್ಟಿಗೆ ಬಿಚ್ಚುವ ಮೊದಲೇ ಹೊರಬೀಳುತ್ತದೆ.

ಕಂಪ್ಯೂಟರು ಇಲ್ಲಿ ಶೋಕಿಯ ವಸ್ತುವಾಗಿ ಉಳಿದಿಲ್ಲ. ಪಹಣಿ ಅದರಲ್ಲೇ, ತೊಗರಿ ಬೆಳೆಯ ವಿಮೆ ಅರ್ಜಿಯೂ ಅದರಲ್ಲೇ. 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯ ಇದೇ ತಾಲ್ಲೂಕಿನ ಕಡಗಂಚಿಯಲ್ಲಿದೆ. ಓದುವ ಹುಡುಗರ ಮನೆಗೆ ಸೆಕೆಂಡ್‌ಹ್ಯಾಂಡ್ ಮಾನಿಟರೇ ಆಸರೆ. ಅದು ಕಣ್ಣು ಮುಚ್ಚಿದರೆ ಸಾಲದ ಬಾಗಿಲು ತೆರೆಯಿತೆಂದೇ ಅರ್ಥ.

ಕೆಡುವುದಾದರೂ ಯಾಕೆ? ಬಹುತೇಕ ಮಾನಿಟರುಗಳು 100ರಿಂದ 240 ವೋಲ್ಟಿನವರೆಗೆ ತಡೆಯುತ್ತವೆ. ಹಾಗಾಗಿ ಕರೆಂಟು ಮಂಕಾದರೆ ಅಷ್ಟು ಭಯವಿಲ್ಲ. ಭಯವಿರುವುದು ಏರಿಕೆಗೆ. ಕಂಬದ ಮೇಲೆ ನ್ಯೂಟ್ರಲ್ ತಂತಿ ಸಡಿಲಾದರೆ ಅಥವಾ ಹರಿದರೆ 230ರ ಮನೆಗೆ 400ರ ಹತ್ತಿರದ ವೋಲ್ಟೇಜು ನುಗ್ಗಬಹುದು. ಅದೂ ಅಲ್ಲದೆ ಬೇಸಿಗೆಯ ಕಾವಿಗೆ ಒಳಗಿನ ಕೆಪಾಸಿಟರುಗಳು ವರ್ಷದಿಂದ ವರ್ಷಕ್ಕೆ ಸೊರಗಿ ತಲೆ ಉಬ್ಬಿಸಿಕೊಳ್ಳುತ್ತವೆ. ಮಾನಿಟರ್ ಹೊತ್ತಿ ಎರಡು ಸೆಕೆಂಡಿಗೆ ಆರುತ್ತಿದ್ದರೆ ಇವುಗಳ ಮೇಲೂ ಅನುಮಾನ ಪಡಬೇಕು. ಅವುಗಳ ಬೆಲೆ ಹತ್ತಿಪ್ಪತ್ತು ರೂಪಾಯಿ!

ಮನೆಯಲ್ಲಿ ಮಾಡಬಹುದಾದ ಪರೀಕ್ಷೆಗೆ ಕಾಸಿನ ಖರ್ಚಿಲ್ಲ. ಮೊದಲು ವೈರು, ಪ್ಲಗ್ಗು ಬದಲಿಸಿ ನೋಡಬೇಕು. ಆಮೇಲೆ ಮಾನಿಟರನ್ನು ಬೇರೆ ಕಂಪ್ಯೂಟರಿಗೆ ಹಚ್ಚಬೇಕು. ಕೊನೆಗೆ ಕತ್ತಲೆಯಲ್ಲಿ ಪರದೆಗೆ ಓರೆಯಾಗಿ ಬ್ಯಾಟರಿ ಬಿಡಬೇಕು. ಮಸುಕಾಗಿ ಚಿತ್ರ ಕಂಡರೆ ಪರದೆ ಬದುಕಿದೆ, ಹಿಂದಿನ ದೀಪ ಮಾತ್ರ ಸತ್ತಿದೆ ಎಂದು ತಿಳಿಯಬೇಕು. ಗಾಜೇ ಒಡೆದಿದ್ದರೆ ಮಾತ್ರ ರಿಪೇರಿಯ ಆಸೆ ಬಿಡುವುದು ಲೇಸು.

ಇಲ್ಲಿಗೆ ಕೈ ನಿಲ್ಲಬೇಕು. ಪ್ಲಗ್ಗು ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಹೆಚ್ಚು ಉಳಿದಿರಬಹುದು. ಹಳೆಯ ಡಬ್ಬಿ ಮಾನಿಟರಿನ ಗಾಜಿನ ಟ್ಯೂಬಿನಲ್ಲಿ ಇಪ್ಪತ್ತು ಸಾವಿರ ವೋಲ್ಟಿನ ಲೆಕ್ಕ. ‘ಮೊಬೈಲಿನಾಗ ನೋಡೀನಿ, ನಾನೇ ಮಾಡ್ತೀನಿ’ ಎಂಬ ಧೈರ್ಯ ಆಸ್ಪತ್ರೆಗೆ ದಾರಿ. ಬಿಚ್ಚುವ ಕೆಲಸ ಕಾವಿ ಹಿಡಿದು ಪಳಗಿದ ರೇಡಿಯೋ, ಟಿವಿ ಮೆಕ್ಯಾನಿಕ್‌ಗೆ ಸೇರಿದ್ದು.

ಆದರೆ ಆ ಮೆಕ್ಯಾನಿಕ್ ಉಳಿಯಬೇಕಲ್ಲ? ನಕ್ಷೆ ಸಿಗದೆ, ಅಸಲಿ ಬಿಡಿಭಾಗ ಸಿಗದೆ ಅವನು ತಾನೆ ಏನು ಮಾಡಿಯಾನು? ಕೇಂದ್ರ ಸರ್ಕಾರ 2022ರ ಡಿಸೆಂಬರ್ 24ರಂದು ‘ರಿಪೇರಿಯ ಹಕ್ಕು’ ಪೋರ್ಟಲ್ ತೆರೆಯಿತು. ತಯಾರಕರು ರಿಪೇರಿಯ ಮಾಹಿತಿಯನ್ನು ಗ್ರಾಹಕನ ಮುಂದಿಡಲಿ ಎಂಬುದು ಅದರ ಉದ್ದೇಶ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಸತ್ತ ಯಂತ್ರದ ಹೊಣೆಯನ್ನು ತಯಾರಕರ ತಲೆಗೇ ಕಟ್ಟಿವೆ. ದಿಲ್ಲಿಯ ಈ ಕಾಗದ ಆಳಂದದ ಬಜಾರಿಗೆ ಇಳಿಯುವುದು ಅಲ್ಲಿನ ಅಂಗಡಿಯಲ್ಲಿ ಬಿಡಿಭಾಗ ಸಿಕ್ಕಾಗಲೇ.

ಲೈನಿನವರು ನ್ಯೂಟ್ರಲ್ ಬಿಗಿ ಮಾಡಲಿ, ತಯಾರಕರು ಬಿಡಿಭಾಗ ಕೊಡಲಿ, ಐಟಿಐ ಹುಡುಗರು ಕಾವಿ ಹಿಡಿಯಲಿ. ಮನೆಯವರು ಮಾತ್ರ ಗುಜರಿಯವನನ್ನು ಕೂಗುವ ಮೊದಲು ಒಮ್ಮೆ ಬ್ಯಾಟರಿ ಬಿಟ್ಟು ನೋಡಲಿ.