ಸುದ್ದಿ ಬಾರದ ಪೆಟ್ಟಿಗೆ

ಸಾಕುಪ್ರಾಣಿಗಳಲ್ಲಿ ಬೆಕ್ಕಿನಷ್ಟು ಶುಚಿಯಾದುದು ಮತ್ತೊಂದಿಲ್ಲವೆಂದು ಹಿರಿಯರು ಹೇಳುವುದುಂಟು. ಯಾರೂ ಕಲಿಸದೆಯೇ ಅದು ಸಡಿಲವಾದ ಮಣ್ಣನ್ನು ಹುಡುಕಿಕೊಂಡು ಹೋಗುತ್ತದೆ. ಮುಂಗಾಲಿನಿಂದ ಗುಂಡಿ ತೋಡುತ್ತದೆ. ಕೆಲಸ ಮುಗಿದೊಡನೆ ಮಣ್ಣೆಳೆದು ಮುಚ್ಚಿ, ಒಮ್ಮೆ ಮೂಸಿ ನೋಡಿ, ಏನೂ ನಡೆಯಲಿಲ್ಲವೆಂಬಂತೆ ಹೊರಟುಹೋಗುತ್ತದೆ. ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯ ಹರವೆಯಂಥ ಊರಿನಲ್ಲಿ ಇದಕ್ಕಾಗಿ ಮನೆಯವರು ಏನನ್ನೂ ಏರ್ಪಡಿಸಬೇಕಾಗಿಲ್ಲ. ಹಿತ್ತಿಲುಂಟು, ಅರಿಸಿನದ ಹೊಲವುಂಟು, ತಿಪ್ಪೆಯ ಮಗ್ಗುಲಿನ ಹುಡಿಮಣ್ಣುಂಟು. ಬೆಕ್ಕಿನ ಶೌಚ ಅಲ್ಲಿ ಬೆಕ್ಕಿನ ಸ್ವಂತ ವ್ಯವಹಾರ.

ಅದೇ ಹರವೆಯ ಮಗನೊಬ್ಬ ಬೆಂಗಳೂರಿನಲ್ಲಿ ಉದ್ಯೋಗ ಹಿಡಿದು, ಐದನೆಯ ಅಂತಸ್ತಿನ ಫ್ಲಾಟಿನಲ್ಲಿ ಸಂಸಾರ ಹೂಡಿ, ಮಕ್ಕಳ ಹಟಕ್ಕೆ ಸೋತು ಗಂಡು ಬೆಕ್ಕೊಂದನ್ನು ಸಾಕಿದನೆಂದು ಇಟ್ಟುಕೊಳ್ಳಬಹುದು. ಹಿತ್ತಿಲಿಲ್ಲದ ಮನೆಯಲ್ಲಿ ಹಿತ್ತಿಲನ್ನು ಪೆಟ್ಟಿಗೆಯಲ್ಲಿ ತಂದಿಡಬೇಕಾಗುತ್ತದೆ. ಅದಕ್ಕೇ ಲಿಟರ್ ಬಾಕ್ಸ್ ಎಂದು ಹೆಸರು.

ಈ ಪೆಟ್ಟಿಗೆಯ ಚರಿತ್ರೆ ಬಹಳ ಹಳೆಯದಲ್ಲ. ಹಿಂದೆ ಪಶ್ಚಿಮ ದೇಶಗಳಲ್ಲಿಯೂ ಮನೆಯೊಳಗಿನ ಬೆಕ್ಕಿಗೆ ತಟ್ಟೆಯಲ್ಲಿ ಬೂದಿಯನ್ನೋ ಮರಳನ್ನೋ ಹರಡಿಡುತ್ತಿದ್ದರು. 1947ರಲ್ಲಿ ಅಮೆರಿಕದ ಮಿಷಿಗನ್ ಸಂಸ್ಥಾನದ ಎಡ್ವರ್ಡ್ ಲೋ ಎಂಬಾತ, ಚೆಲ್ಲಿದ ಎಣ್ಣೆಯನ್ನು ಹೀರಲು ಬಳಸುವ ಒಣ ಜೇಡಿಯ ಹರಳುಗಳನ್ನು ನೆರೆಮನೆಯಾಕೆಯ ಬೆಕ್ಕಿಗೆಂದು ಕೊಟ್ಟ. ಬೂದಿಯ ಹೆಜ್ಜೆಗುರುತುಗಳು ಮನೆ ತುಂಬ ಹರಡುವುದು ನಿಂತಿತು. ದೊಡ್ಡದೊಂದು ವ್ಯಾಪಾರ ಹುಟ್ಟಿತು. 1980ರ ದಶಕದಲ್ಲಿ ಬೆಂಟೊನೈಟ್ ಎಂಬ ಜೇಡಿ ಬಳಕೆಗೆ ಬಂದಿತು. ಒದ್ದೆಯಾದರೆ ಇದು ಉಬ್ಬಿ ಉಂಡೆ ಕಟ್ಟುತ್ತದೆ. ಉಂಡೆ ಕಟ್ಟಿದುದನ್ನು ಜರಡಿಯಿಂದ ಬೇರ್ಪಡಿಸಬಹುದಷ್ಟೆ. ಜರಡಿ ಹಿಡಿಯುವುದನ್ನು ಯಂತ್ರಕ್ಕೆ ಒಪ್ಪಿಸಬಹುದು. ಇಂದಿನ ಸ್ವಯಂಚಾಲಿತ ಪೆಟ್ಟಿಗೆಯ ಗುಟ್ಟು ಇಷ್ಟೇ. ಬೆಕ್ಕು ಇಳಿದುಹೋದ ಕೆಲವು ನಿಮಿಷಗಳ ಮೇಲೆ ಒಳಗಿನ ಉರುಳೆ ತಿರುಗುತ್ತದೆ. ಉಂಡೆಗಳು ಕೆಳಗಿನ ಖಾನೆಗೆ ಬೀಳುತ್ತವೆ. ಒಣ ಹರಳು ಉಳಿಯುತ್ತದೆ.

ಇಷ್ಟಕ್ಕೆ ವೈಫೈ ಏಕೆ ಬೇಕೆಂದು ಯಾರಾದರೂ ಕೇಳಬಹುದು. ನಿಜಕ್ಕೂ ಬೇಕಾಗಿಲ್ಲ. ಬಹುತೇಕ ಯಂತ್ರಗಳು ವೈಫೈ ಇಲ್ಲದೆಯೂ ತಮ್ಮಷ್ಟಕ್ಕೆ ತಾವು ಜರಡಿ ಹಿಡಿಯುತ್ತಲೇ ಇರುತ್ತವೆ. ವೈಫೈ ಇರುವುದು ಮನೆಯವರಿಗೆ ಸುದ್ದಿ ಮುಟ್ಟಿಸಲು. ಬೆಕ್ಕು ಇಂದು ಎಷ್ಟು ಸಲ ಬಂದಿತು, ಎಷ್ಟು ಹೊತ್ತು ಕುಳಿತಿತು, ಅದರ ತೂಕವೆಷ್ಟು, ಖಾನೆ ತುಂಬಿತೆ ಎಂಬ ವಿವರಗಳು ಮೊಬೈಲಿನ ಆಪ್‌ಗೆ ಬಂದು ಬೀಳುತ್ತವೆ. ಇದು ಬರಿಯ ಷೋಕಿ ಎನ್ನುವವರಿದ್ದಾರೆ. ಆದರೆ ಗಂಡು ಬೆಕ್ಕನ್ನು ಸಾಕಿದ ಮನೆಯಲ್ಲಿ ಈ ಸುದ್ದಿಯ ಬೆಲೆ ಬೇರೆ.

ಗಂಡು ಬೆಕ್ಕಿನ ಮೂತ್ರನಾಳ ಬಹಳ ಇಕ್ಕಟ್ಟಾದುದು. ಹರಳಿನ ಕಣವೋ ಲೋಳೆಯೋ ಅಲ್ಲಿ ಸಿಕ್ಕಿಕೊಂಡರೆ ಮೂತ್ರ ಕಟ್ಟಿಬಿಡುತ್ತದೆ. ಹೊರಹೋಗಬೇಕಾದ ವಿಷ ರಕ್ತದಲ್ಲಿಯೇ ಉಳಿದು, ಪೊಟ್ಯಾಸಿಯಂ ಏರಿ, ಹೃದಯದ ಬಡಿತ ತಾಳ ತಪ್ಪುತ್ತದೆ. ಚಿಕಿತ್ಸೆ ದೊರೆಯದಿದ್ದರೆ ಎರಡು ಮೂರು ದಿನಗಳೊಳಗೆ ಪ್ರಾಣವೇ ಹೋಗಬಹುದು. ಇದರ ಮೊದಲ ಲಕ್ಷಣ ಕಾಣುವುದು ಪೆಟ್ಟಿಗೆಯಲ್ಲಿಯೇ. ಆರೋಗ್ಯವಾಗಿರುವ ಬೆಕ್ಕು ದಿನಕ್ಕೆ ಎರಡರಿಂದ ನಾಲ್ಕು ಸಲ ಮೂತ್ರ ಮಾಡುವುದು ವಾಡಿಕೆ. ಮೂತ್ರ ಕಟ್ಟಿದ ಬೆಕ್ಕು ಮತ್ತೆ ಮತ್ತೆ ಪೆಟ್ಟಿಗೆಗೆ ಹೋಗಿ, ತಿಣುಕಿ, ಬರಿದೇ ಹಿಂದಿರುಗುತ್ತದೆ. ಕೆಲವು ವೇಳೆ ನೋವಿನಿಂದ ಕೂಗುತ್ತದೆ. ಮಲಬದ್ಧತೆಯೆಂದು ಭ್ರಮಿಸಿ ಒಂದು ದಿನವನ್ನು ಕಳೆದುಬಿಡುವವರು ಅನೇಕರು. ಯಂತ್ರಕ್ಕೆ ರೋಗ ತಿಳಿಯದು, ನಿಜ. ಆದರೆ ಲೆಕ್ಕ ತಿಳಿಯುತ್ತದೆ. ನಾಲ್ಕು ಸಲ ಬರುತ್ತಿದ್ದ ಬೆಕ್ಕು ಹದಿನೈದು ಸಲ ಬಂದುಹೋಯಿತೆಂದು ಅದು ಹೇಳಬಲ್ಲುದು.

ಹೀಗಿರಲಾಗಿ, ಆ ಸಂಸಾರ ದೀಪಾವಳಿಗೆಂದು ಹರವೆಗೆ ಬರುತ್ತದೆ. ಮೂರು ದಿನಗಳ ಮಟ್ಟಿಗೆ ಬೆಕ್ಕು ಫ್ಲಾಟಿನಲ್ಲಿ. ಮೇವು, ನೀರು ಇಟ್ಟಾಗಿದೆ. ಬಾಗಿಲಿನ ಬೀಗದ ಕೈಯೊಂದು ನೆರೆಯವರ ಬಳಿ ಇದೆ. ಮೊದಲ ದಿನ ಎಣ್ಣೆ ನೀರು ಮುಗಿಸಿ ಜಗಲಿಯ ಮೇಲೆ ಕುಳಿತು ಆಪ್ ತೆರೆದರೆ, ಪೆಟ್ಟಿಗೆಯ ಚಿತ್ರ ಮಂಕಾಗಿ ‘ಆಫ್‌ಲೈನ್’ ಎಂದು ತೋರಿಸುತ್ತದೆ. ಅದರ ಕೆಳಗೆ ನಿನ್ನೆಯ ಲೆಕ್ಕ ಹಾಗೆಯೇ ನಿಂತಿದೆ: ಮೂರು ಸಲ, ಎಲ್ಲವೂ ಸರಿ.

ಮೋಸಹೋಗುವುದು ಇಲ್ಲಿಯೇ. ಆ ‘ಸರಿ’ ನಿನ್ನೆಯದು. ಇಂದಿನ ಅಂಕಣ ಖಾಲಿಯಿದ್ದರೆ ಬೆಕ್ಕು ಪೆಟ್ಟಿಗೆಗೆ ಬರಲಿಲ್ಲವೆಂದು ತಿಳಿಯಬಾರದು, ಬಂದಿತೆಂದೂ ತಿಳಿಯಬಾರದು. ಸುದ್ದಿಯಿಲ್ಲ ಎಂಬುದಷ್ಟೇ ಸುದ್ದಿ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವ ಮಾತು ಎಲ್ಲರಿಗೂ ಗೊತ್ತು. ಇಲ್ಲಿ ಯಂತ್ರ ಕಣ್ಣು ಮುಚ್ಚಿದೆ, ನೋಡುವವರು ತಾವು ಕಾಣುತ್ತಿರುವೆವೆಂದು ನಂಬಿದ್ದಾರೆ.

ಗಾಬರಿಗೊಳ್ಳದೆ ಯೋಚಿಸಿದರೆ, ಪೆಟ್ಟಿಗೆಯಿಂದ ಮೊಬೈಲಿನವರೆಗೆ ನಾಲ್ಕು ಕೊಂಡಿಗಳಿವೆ. ಪೆಟ್ಟಿಗೆಯಿಂದ ಮನೆಯ ರೌಟರಿಗೆ ಒಂದು. ರೌಟರಿನಿಂದ ಇಂಟರ್‌ನೆಟ್ಟಿಗೆ ಎರಡು. ಅಲ್ಲಿಂದ ತಯಾರಕರ ಸರ್ವರಿಗೆ ಮೂರು. ಸರ್ವರಿನಿಂದ ಕೈಯಲ್ಲಿರುವ ಮೊಬೈಲಿಗೆ ನಾಲ್ಕು. ಯಾವ ಕೊಂಡಿ ಕಳಚಿದರೂ ತೋರುವುದು ಒಂದೇ ಮಾತು. ಹರವೆಯಲ್ಲಿ ಕುಳಿತೇ ಇವುಗಳಲ್ಲಿ ಕೆಲವನ್ನು ಪರೀಕ್ಷಿಸಬಹುದು. ಮೊಬೈಲಿನಲ್ಲಿ ಬೇರೆ ಏನಾದರೂ ತೆರೆಯುತ್ತದೆಯೆ? ಇಲ್ಲವಾದರೆ ದೋಷ ಊರಿನ ಸಿಗ್ನಲಿನದು. ಮಹಡಿಯ ಮೇಲೆ ಹೋಗಿ ನೋಡಿದರೆ ತೀರಿತು. ಫ್ಲಾಟಿನಲ್ಲಿ ಕ್ಯಾಮರಾವೋ ವೈಫೈ ದೀಪವೋ ಇದ್ದರೆ ಅದು ಮಾತನಾಡುತ್ತದೆಯೆ? ಅದೂ ಮೂಕವಾಗಿದ್ದರೆ ಕರೆಂಟು ಹೋಗಿರಬೇಕು, ಇಲ್ಲವೆ ರೌಟರ್ ಕೆಟ್ಟಿರಬೇಕು. ಅದು ಮಾತನಾಡುತ್ತಿದ್ದು ಪೆಟ್ಟಿಗೆ ಮಾತ್ರ ಮೂಕವಾಗಿದ್ದರೆ, ಮೊದಲನೆಯ ಕೊಂಡಿಯನ್ನೋ ಮೂರನೆಯದನ್ನೋ ಶಂಕಿಸತಕ್ಕದ್ದು. ಸರ್ವರಿನ ತೊಂದರೆಯಾದರೆ ಕೆಲವು ಗಂಟೆಗಳಲ್ಲಿ ತಾನಾಗಿಯೇ ಸರಿಹೋಗುವುದು ಸಾಮಾನ್ಯ. ಮೊದಲನೆಯ ಕೊಂಡಿಯಾದರೆ ಪೆಟ್ಟಿಗೆಯ ಬಳಿ ಯಾರಾದರೂ ನಿಲ್ಲಲೇಬೇಕು.

ಮೊದಲನೆಯ ಕೊಂಡಿ ಕಳಚಲು ಅತಿ ಸಾಮಾನ್ಯವಾದ ಕಾರಣ ತರಂಗಗಳಲ್ಲಿದೆ. 1935ರಲ್ಲಿ ಮೈಸೂರಿನಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಆಕಾಶವಾಣಿಯನ್ನು ಆರಂಭಿಸಿದಂದಿನಿಂದ ಈ ಸೀಮೆಯವರಿಗೆ ರೇಡಿಯೋದ ಪರಿಚಯವುಂಟು. ಮೀಡಿಯಂ ವೇವ್ ಮಾತ್ರ ಇರುವ ರೇಡಿಯೋದಲ್ಲಿ ಷಾರ್ಟ್ ವೇವಿನ ನಿಲಯ ಎಷ್ಟು ತಿರುಗಿಸಿದರೂ ಸಿಗದು. ಇಲ್ಲಿಯೂ ಹಾಗೆಯೇ. ಇಂದಿನ ರೌಟರುಗಳು 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಪಟ್ಟಿಗಳಲ್ಲಿ ಮಾತನಾಡುತ್ತವೆ. ಬೆಕ್ಕಿನ ಪೆಟ್ಟಿಗೆಗಳಲ್ಲಿ ಬಹುಪಾಲು 2.4 ಒಂದನ್ನೇ ಬಲ್ಲವು. ಅದರ ಬಿಡಿಭಾಗ ಅಗ್ಗ. ಸುಮಾರು ಹನ್ನೆರಡೂವರೆ ಸೆಂಟಿಮೀಟರ್ ಉದ್ದದ ಆ ತರಂಗ ಗೋಡೆಗಳನ್ನು ದಾಟಿ ದೂರ ಹೋಗುತ್ತದೆ. ಆದರೆ ಅನೇಕ ರೌಟರುಗಳು ಎರಡು ಪಟ್ಟಿಗಳಿಗೂ ಒಂದೇ ಹೆಸರಿಟ್ಟಿರುತ್ತವೆ. ಜೋಡಿಸುವಾಗ ಮೊಬೈಲು 5ರಲ್ಲಿ ಕುಳಿತು ಕರೆಯುತ್ತಿದ್ದರೆ, 2.4ರಲ್ಲಿ ಹುಡುಕುತ್ತಿರುವ ಪೆಟ್ಟಿಗೆಗೂ ಅದಕ್ಕೂ ಭೇಟಿಯೇ ಆಗದಿರಬಹುದು. ಇದಕ್ಕೆ ಉಪಾಯ, ರೌಟರಿನ ವ್ಯವಸ್ಥೆಯೊಳಗೆ ಹೋಗಿ ಎರಡು ಪಟ್ಟಿಗಳಿಗೆ ಎರಡು ಹೆಸರು ಕೊಡುವುದು. ಇಲ್ಲವೆ ಜೋಡಣೆ ಮುಗಿಯುವವರೆಗೆ 5ನ್ನು ನಿಲ್ಲಿಸಿಡುವುದು.

ಎರಡನೆಯ ಕಾರಣ ಗುಪ್ತಪದ, ಎಂದರೆ ಪಾಸ್‌ವರ್ಡ್. ಮನೆಯಲ್ಲಿ ಹೊಸ ರೌಟರ್ ಬಂದಾಗ ಮೊಬೈಲಿಗೂ ಟೀವಿಗೂ ಹೊಸ ಪಾಸ್‌ವರ್ಡ್ ಹೇಳಿಕೊಡುತ್ತಾರೆ. ಮೂಲೆಯಲ್ಲಿರುವ ಪೆಟ್ಟಿಗೆಯನ್ನು ಮರೆಯುತ್ತಾರೆ. ಅದು ಪಾಪ, ಇಲ್ಲದ ಹಳೆಯ ಯಜಮಾನನನ್ನೇ ಕೂಗುತ್ತಿರುತ್ತದೆ. ಹೊಸ ರೌಟರಿಗೆ ಹಳೆಯ ಹೆಸರನ್ನೂ ಹಳೆಯ ಪಾಸ್‌ವರ್ಡನ್ನೂ ಅಕ್ಷರ ವ್ಯತ್ಯಾಸವಿಲ್ಲದಂತೆ ಇಟ್ಟರೆ ಮನೆಯ ವಸ್ತುಗಳು ತಾವಾಗಿಯೇ ಬಂದು ಸೇರಿಕೊಳ್ಳುತ್ತವೆ. ಹೊಸ ರೌಟರ್ ಡಬ್ಲ್ಯುಪಿಎ 3 ಎಂಬ ರಕ್ಷಣಾಕ್ರಮವನ್ನು ಮಾತ್ರ ಒಪ್ಪುವಂತಿದ್ದರೆ ಹಳೆಯ ಪೆಟ್ಟಿಗೆ ಅದನ್ನರಿಯದು. ಡಬ್ಲ್ಯುಪಿಎ 2 ಕೂಡ ಇರುವ ಮಿಶ್ರಕ್ರಮವನ್ನು ಆರಿಸಬೇಕು. ಜೋಡಿಸುವ ಮೊಬೈಲಿನಲ್ಲಿ ಬ್ಲೂಟೂತನ್ನೂ ಸ್ಥಳ ತಿಳಿಸುವ ಅನುಮತಿಯನ್ನೂ ತೆರೆದಿರಬೇಕು; ಮೊಬೈಲ್ ಡೇಟಾವನ್ನು ತುಸು ಹೊತ್ತು ನಿಲ್ಲಿಸಬೇಕು. ಇಲ್ಲವಾದರೆ ಪೆಟ್ಟಿಗೆ ತೋರಿಸುವ ತಾತ್ಕಾಲಿಕ ವೈಫೈಯಲ್ಲಿ ಇಂಟರ್‌ನೆಟ್ ಇಲ್ಲವೆಂದು ಕಂಡು ಮೊಬೈಲು ಮಧ್ಯದಲ್ಲಿಯೇ ಕೈಬಿಡುತ್ತದೆ.

ಮೂರನೆಯದು ಸ್ಥಳ. ವಾಸನೆಗೆ ಅಂಜಿ ಪೆಟ್ಟಿಗೆಯನ್ನು ಬಚ್ಚಲಿನ ಬಳಿಯಲ್ಲೋ ಬಾಲ್ಕನಿಯ ಕೊನೆಯಲ್ಲೋ ಇಡುವುದು ರೂಢಿ. ನಡುವೆ ಕಾಂಕ್ರೀಟಿನ ಗೋಡೆಗಳು, ಬಟ್ಟೆ ಒಗೆಯುವ ಯಂತ್ರ, ಕಬ್ಬಿಣದ ಬೀರು. ಲೋಹ ತರಂಗವನ್ನು ತಡೆಯುತ್ತದೆ, ನೀರು ಹೀರುತ್ತದೆ. ಮೈಕ್ರೋವೇವ್ ಒಲೆ ಕೆಲಸ ಮಾಡುವುದೂ 2.45 ಗಿಗಾಹರ್ಟ್ಸಿನಲ್ಲಿಯೇ ಆದುದರಿಂದ ಹಾಲು ಕಾಯಿಸುವ ಎರಡು ನಿಮಿಷ ಪೆಟ್ಟಿಗೆಯ ಮಾತು ತಡವರಿಸಬಹುದು. ಮೊಬೈಲನ್ನು ಪೆಟ್ಟಿಗೆಯ ಪಕ್ಕದಲ್ಲಿ ನೆಲಕ್ಕೆ ತಾಗಿಸಿ ಹಿಡಿದು ಸಿಗ್ನಲ್ ಎಷ್ಟಿದೆಯೆಂದು ನೋಡುವುದು ಒಳ್ಳೆಯದು. ಎದೆಯ ಎತ್ತರದಲ್ಲಿ ಕಂಡದ್ದು ನೆಲದ ಮೇಲೆ ಕಾಣಬೇಕೆಂದಿಲ್ಲ.

ಇನ್ನು ನೆರೆಹೊರೆಯ ಗದ್ದಲ. ಪರವಾನಗಿಯಿಲ್ಲದೆ ಬಳಸಬಹುದಾದ ಈ 2.4ರ ಪಟ್ಟಿ ಅಗಲ ಕಿರಿದು. ಅದರಲ್ಲಿ ಚಾನಲುಗಳು ಹದಿಮೂರು ಇದ್ದರೂ ಒಂದರ ಮೇಲೊಂದು ಏರದಂತೆ ಆರಿಸಿಕೊಳ್ಳಲು ಆಗುವುದು 1, 6, 11 ಎಂಬ ಮೂರೇ. ನೂರು ಮನೆಗಳ ಕಟ್ಟಡದಲ್ಲಿ ನೂರು ರೌಟರುಗಳು ಈ ಮೂರು ಓಣಿಗಳಲ್ಲಿ ನುಗ್ಗುತ್ತವೆ. ಅಮೆರಿಕದ ಮಾರುಕಟ್ಟೆಗೆಂದು ತಯಾರಾದ ಕೆಲವು ವಸ್ತುಗಳು 12, 13ನ್ನು ಕಾಣವು. ಆದಕಾರಣ ರೌಟರನ್ನು ಮೂರರಲ್ಲಿ ಕಡಮೆ ಜನಸಂದಣಿಯ ಚಾನಲಿನಲ್ಲಿ ನಿಲ್ಲಿಸುವುದು ಮೇಲು.

ಕರೆಂಟು ಹೋಗಿ ಬಂದ ಮೇಲೆ ತಪ್ಪುವ ಜೋಡಣೆ ಬೇರೆ. ಪೆಟ್ಟಿಗೆ ಕ್ಷಣದಲ್ಲಿ ಎದ್ದು ಕೂಗುತ್ತದೆ. ರೌಟರ್ ಏಳಲು ಒಂದೆರಡು ನಿಮಿಷ ಬೇಕು. ಕರೆದು ಕರೆದು ಸೋತ ಪೆಟ್ಟಿಗೆ ಸುಮ್ಮನಾಗಿಬಿಡುವುದುಂಟು. ಮೊದಲು ರೌಟರನ್ನು ಆರಿಸಿ ಹೊತ್ತಿಸಿ, ಅದರ ದೀಪಗಳು ನಿಂತ ಮೇಲೆ ಪೆಟ್ಟಿಗೆಯ ಪ್ಲಗ್ಗನ್ನು ಕಿತ್ತು ಅರ್ಧ ನಿಮಿಷ ಬಿಟ್ಟು ಹಾಕಬೇಕು. ಪ್ಲಗ್ಗನ್ನು ಮುಟ್ಟುವ ಮೊದಲು ಬೆಕ್ಕು ಒಳಗಿಲ್ಲವೆಂದು ಕಣ್ಣಾರೆ ನೋಡುವುದನ್ನು ಮರೆಯಬಾರದು. ರೌಟರಿಗೆ ಚಿಕ್ಕದೊಂದು ಯುಪಿಎಸ್ ಇದ್ದರೆ ಈ ತಾಪತ್ರಯ ಬಹುಮಟ್ಟಿಗೆ ತಪ್ಪುತ್ತದೆ.

ಇಷ್ಟೂ ಮಾಡಿ ಆಗದಿದ್ದಾಗ ಒಂದು ಪರೀಕ್ಷೆಯಿದೆ. ಎರಡನೆಯ ಮೊಬೈಲಿನಲ್ಲಿ 2.4ರ ಹಾಟ್‌ಸ್ಪಾಟ್ ತೆರೆದು ಪೆಟ್ಟಿಗೆಯನ್ನು ಅದಕ್ಕೆ ಜೋಡಿಸಬೇಕು. ಸೇರಿಕೊಂಡರೆ ಪೆಟ್ಟಿಗೆ ನಿರ್ದೋಷಿ, ತಪ್ಪು ರೌಟರಿನದು. ಅಲ್ಲಿಯೂ ಸೇರದಿದ್ದರೆ ತಯಾರಕರಿಗೆ ತಿಳಿಸುವ ಕಾಲ ಬಂದಿತೆಂದು ಅರ್ಥ. ಎಲ್ಲವನ್ನೂ ಅಳಿಸಿ ಮೊದಲಿನಿಂದ ಆರಂಭಿಸುವ ರೀಸೆಟ್ ಗುಂಡಿಯನ್ನು ಕೊನೆಗೆ ಇಟ್ಟುಕೊಳ್ಳಬೇಕು. ಕೆಲವು ಯಂತ್ರಗಳಲ್ಲಿ ಬೆಕ್ಕಿನ ತೂಕದ ಹಳೆಯ ಲೆಕ್ಕವೂ ಅದರೊಡನೆ ಹೋಗಬಹುದು.

ಆದರೆ ಈ ಚಿಕಿತ್ಸೆಗಳೆಲ್ಲ ಮನೆಯಲ್ಲಿದ್ದವರಿಗೆ. ಹಬ್ಬದ ದಿನ ಊರಿನಲ್ಲಿ ಸಿಕ್ಕಿಕೊಂಡವರಿಗೆ ಒದಗುವುದು ಹೊರಡುವ ಮುನ್ನ ಮಾಡಿಟ್ಟ ಏರ್ಪಾಡು ಮಾತ್ರ. ಪ್ರಯಾಣದ ಹಿಂದಿನ ದಿನ ರೌಟರನ್ನಾಗಲಿ ಪಾಸ್‌ವರ್ಡನ್ನಾಗಲಿ ಬದಲಿಸಬಾರದು. ಯಂತ್ರ ನಿಂತುಹೋದರೆ ಬೆಕ್ಕು ಪರದಾಡದಂತೆ ಹರಳು ತುಂಬಿದ ಸಾಧಾರಣ ತಟ್ಟೆಯೊಂದನ್ನು ಬೇರೊಂದು ಮೂಲೆಯಲ್ಲಿ ಇಟ್ಟಿರಬೇಕು. ಬೀಗದ ಕೈ ಪಡೆದ ನೆರೆಯವರು ದಿನಕ್ಕೊಮ್ಮೆಯಾದರೂ ಒಳಗೆ ಬಂದು, ಬೆಕ್ಕನ್ನು ಮುಟ್ಟಿ ಮಾತನಾಡಿಸಿ, ಖಾನೆಯಲ್ಲಿ ಹೊಸ ಉಂಡೆ ಬಿದ್ದಿದೆಯೆ ಎಂದು ನೋಡುವಂತೆ ಒಪ್ಪಿಸಿರಬೇಕು. ರಾತ್ರಿಯಲ್ಲಿಯೂ ನೋಡುವ ಪಶುವೈದ್ಯರ ವಿಳಾಸವನ್ನು ಬರೆದು ಬಾಗಿಲಿಗೆ ಅಂಟಿಸಿರಬೇಕು. ಬೆಂಗಳೂರಿನ ಹೆಬ್ಬಾಳದಲ್ಲಿ 1958ರಲ್ಲಿ ಆರಂಭವಾದ ಪಶುವೈದ್ಯಕೀಯ ಕಾಲೇಜಿದೆ, ನಗರದಲ್ಲಿ ಖಾಸಗಿ ವೈದ್ಯರೂ ಅನೇಕರಿದ್ದಾರೆ. ಯಾರ ಬಾಗಿಲು ಯಾವ ಹೊತ್ತಿಗೆ ತೆರೆದಿರುತ್ತದೆಯೆಂದು ಮೊದಲೇ ವಿಚಾರಿಸಿಡುವುದು ಕ್ಷೇಮ.

ಹರವೆಯ ಜಗಲಿಯಿಂದ ಆ ನೆರೆಯವರಿಗೆ ಫೋನು ಮಾಡಿದಾಗ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಬೆಕ್ಕು ಇಂದು ಮೂತ್ರ ಮಾಡಿದೆಯೆ? ಮಾಡಿಲ್ಲವೆಂದರೆ, ಅಥವಾ ಪೆಟ್ಟಿಗೆಯಲ್ಲಿ ತಿಣುಕುತ್ತಿದೆಯೆಂದರೆ, ಆ ಗಳಿಗೆಯೇ ವೈದ್ಯರಲ್ಲಿಗೆ ಒಯ್ಯುವಂತೆ ಬೇಡಿಕೊಳ್ಳಬೇಕು. ಮಾಡಿದೆ, ಹಾಲಿನ ಮುಖ ನೋಡಿ ಬಾಲ ಎತ್ತಿಕೊಂಡು ಬಂದಿತು ಎಂದರೆ ಹೋಳಿಗೆಯ ಊಟಕ್ಕೆ ಏಳಬಹುದು. ವೈಫೈಯನ್ನು ಊರಿಗೆ ಹಿಂದಿರುಗಿದ ಮೇಲೆ ನೋಡಿಕೊಂಡರಾಯಿತು.