ಮುಧೋಳ ನಾಯಿಗೆ ಸರಪಳಿ ಯಾಕ್ರಿ?

‘ಐದು ಪೈಸಾ ಕೆಲಸಕ್ಕ ಬರಾಂಗಿಲ್ಲ ಕಾಕಾ ಇದು. ರಾತ್ರಿ ಪಂಪ್‌ಸೆಟ್ಟಿನ ವಾಯರ್ ಕತ್ತರಿಸಿಕೊಂಡು ಹೋಗ್ಯಾರ. ಮುಂಜಾನೆ ಎಬ್ಬಿಸಿ ಹೆಜ್ಜಿ ಮೂಸಸಿದ್ರ ಮಾರಿ ತಿರುವಿ ಮಲಗ್ತು!’

ಆಳಂದದ ಚಹಾ ಅಂಗಡಿ ಇರಲಿ, ಅಫಜಲಪುರದ ಕಬ್ಬಿನ ಗಾಡಿಗಳ ಸಾಲಿರಲಿ, ಜೇವರ್ಗಿಯ ಬಸ್ ಸ್ಟ್ಯಾಂಡಿರಲಿ, ಮುಧೋಳ ನಾಯಿ ತಂದವರ ದೂರು ಹೆಚ್ಚುಕಮ್ಮಿ ಇದೇ ಧಾಟಿಯದು. ದೂರೇನೋ ನಾಯಿಯ ಮೇಲಿದೆ. ತಪ್ಪು ಮಾತ್ರ ತಂದವರದು.

ಬೇಟೆ ನಾಯಿಗಳಲ್ಲಿ ಎರಡು ಜಾತಿ. ಒಂದು ನೆಲಕ್ಕೆ ಮೂಗು ಹಚ್ಚಿ ವಾಸನೆಯ ಬೆನ್ನು ಹತ್ತುವಂಥದು. ಇನ್ನೊಂದು ದೂರದಲ್ಲಿ ಏನಾದರೂ ಅಲುಗಿದರೆ ಕಣ್ಣಿಟ್ಟು ಬಾಣದಂತೆ ಹೋಗುವಂಥದು. ಮುಧೋಳದ್ದು ಎರಡನೆಯ ಜಾತಿ. ಉದ್ದನೆಯ ಸಣ್ಣ ತಲೆ, ಆಳವಾದ ಎದೆ, ಒಳಗೆ ಸೇರಿದ ಹೊಟ್ಟೆ, ಚಾಟಿಯಂಥ ಕಾಲು: ಮೈಯೆಲ್ಲ ಓಟಕ್ಕೆಂದೇ ಕಡೆದದ್ದು. ಅದಕ್ಕೂ ಮೂಗಿದೆ, ಕಲಿಸಿದರೆ ಕಲಿಯುತ್ತದೆ. 2016ರಲ್ಲಿ ಸೈನ್ಯದವರು ಮೀರತ್‌ಗೆ ಒಯ್ದು ತರಬೇತಿ ಕೊಟ್ಟರು. ಆದರೆ ಅಲ್ಲಿ ದಿನವಿಡೀ ಕಲಿಸುವ ಜನ ಇದ್ದಾರೆ. ಇಲ್ಲಿ ನಾಯಿಯನ್ನು ತೊಗರಿ ಹೊಲದ ಕಂಬಕ್ಕೆ ಕಟ್ಟಿ, ಪೊಲೀಸ್ ನಾಯಿಯ ಹಾಗೆ ಕಳ್ಳನನ್ನು ಹಿಡಿದು ಕೊಡು ಅಂದರೆ ಅದೇನು ಮಾಡೀತು? ವಾಯುಪಡೆಯವರು ಜಾಣರು. 2021ರಲ್ಲಿ ಮುಧೋಳದ ಮರಿಗಳನ್ನು ಪಡೆದದ್ದು ವಿಮಾನದ ರನ್‌ವೇ ಮೇಲೆ ಕೂಡುವ ಹಕ್ಕಿ ಓಡಿಸಲಿಕ್ಕೆ. ಕಣ್ಣಿಗೂ ಕಾಲಿಗೂ ತಕ್ಕ ಕೆಲಸ.

ಹಾಗೆ ನೋಡಿದರೆ ಈ ತಳಿ ನಮ್ಮ ಸೀಮೆಗೆ ಹೊಸದೂ ಅಲ್ಲ. ಆಳಂದದ ಗಡಿ ದಾಟಿ ಮಹಾರಾಷ್ಟ್ರದ ಕಡೆ ಹೋದರೆ ಇದರ ಹೆಸರೇ ಕಾರವಾನಿ. ಕಿವಿಗೆ, ಬಾಲಕ್ಕೆ ರೇಷ್ಮೆಯಂಥ ಕೂದಲಿದ್ದರೆ ಪಶ್ಮಿ. ಮುಧೋಳದ ರಾಜಾ ಮಾಲೋಜಿರಾವ್ ಘೋರ್ಪಡೆ ಇದನ್ನು ಮುತುವರ್ಜಿಯಿಂದ ಬೆಳೆಸಿ, ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಜೋಡಿ ಮರಿ ಕಾಣಿಕೆ ಕೊಟ್ಟ ಮೇಲೆ ಊರಿನ ಹೆಸರೇ ನಾಯಿಗೆ ನಿಂತಿತು. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು. 2020ರ ಆಗಸ್ಟ್‌ನಲ್ಲಿ ಪ್ರಧಾನಿಯವರು ರೇಡಿಯೋದ ‘ಮನ್ ಕಿ ಬಾತ್’ನಲ್ಲಿ ಹೆಸರು ಹೇಳಿದರು. ಅಲ್ಲಿಗೆ ಮುಗೀತು. ನಾಯಿ ಸಾಕುವವರೂ ತಂದರು, ಸಾಕಲು ಬಾರದವರೂ ತಂದರು.

ತಂದವರು ಮೊದಲು ನಾಯಿಯ ಸ್ವಭಾವ ತಿಳಿಯಬೇಕಿತ್ತು. ಇದು ಎಲ್ಲರ ಮುಂದೆ ಬಾಲ ಅಲ್ಲಾಡಿಸುವ ನಾಯಿ ಅಲ್ಲ. ಹೊಸಬರು ಕೈ ಹಾಕಿದರೆ ಸರಿದು ನಿಲ್ಲುತ್ತದೆ. ಅದನ್ನೇ ಜನ ‘ಪುಕ್ಕಲು’ ಅನ್ನುತ್ತಾರೆ. ಮನೆಯವರನ್ನು ನಂಬಲಿಕ್ಕೂ ಅದಕ್ಕೆ ವೇಳೆ ಬೇಕು. ಒಮ್ಮೆ ನಂಬಿತೆಂದರೆ ಮಾತ್ರ ಅಡಿಗೆ ಮನೆಯ ಹೊಸ್ತಿಲ ಬಿಟ್ಟು ಏಳುವುದಿಲ್ಲ. ‘ನಮ್ಮವ್ವ ರೊಟ್ಟಿ ಬಡಿಯೋ ಸಪ್ಪಳಕ್ಕ ಎಲ್ಲಿದ್ರೂ ಬರ್ತದ ನೋಡ್ರಿ’ ಎಂದು ನಗುವವರೂ ಇದೇ ತಾಲೂಕುಗಳಲ್ಲಿ ಇದ್ದಾರೆ. ಜೋಳದ ರೊಟ್ಟಿ, ಹಾಲು ಅದಕ್ಕೆ ರೂಢಿಯ ಊಟ. ಪಕ್ಕೆಲುಬು ಕಾಣುತ್ತವೆಂದು ತುಪ್ಪ ಸುರಿದು ದಪ್ಪ ಮಾಡಬೇಕಿಲ್ಲ. ಚರ್ಮ ತೆಳು, ಮೈಯಲ್ಲಿ ಕೊಬ್ಬು ಕಡಿಮೆ. ಡಿಸೆಂಬರ್ ಚಳಿಗೆ ಒಂದು ಗೋಣಿಚೀಲವಾದರೂ ಬೇಕು, ನಮ್ಮ ಮೇ ತಿಂಗಳ ಬಿಸಿಲಿಗೆ ನೆರಳು ಬೇಕು. ದಿನಕ್ಕೆರಡು ಸಲ ಕಾಲು ಬಿಚ್ಚಿ ಓಡಿದರೆ ಉಳಿದ ಹೊತ್ತು ಸಾಧುವಿನ ಹಾಗೆ ಬಿದ್ದುಕೊಂಡಿರುತ್ತದೆ. ಆ ಓಟವೂ ಡಾಂಬರು ರಸ್ತೆಯ ಬದಿಗೆ ಬೇಡ. ಮೊಲ ಕಂಡರೆ ಹಿಂದೆ ಎಷ್ಟು ಕೂಗಿದರೂ ಕೇಳದು, ಎದುರಿಗೆ ಲಾರಿ ಬಂದರೂ ಕಾಣದು.

ಮೊಲ ಅಂದಾಗ ಇನ್ನೊಂದು ಮಾತು. ಕೆಲವು ಹುಡುಗರು ಈ ನಾಯಿ ತರುವುದೇ ರಾತ್ರಿ ಹೊಲಕ್ಕೆ ಬಿಡಲಿಕ್ಕೆ. ಕೈಯಲ್ಲಿ ಬಂದೂಕು ಇಲ್ಲದಿದ್ದರೂ ಅದು ಬೇಟೆಯೇ ಅಪ್ಪಾ! 1972ರ ವನ್ಯಜೀವಿ ಕಾಯ್ದೆಯಲ್ಲಿ ಮೊಲವೂ ಬರುತ್ತದೆ, ಚಿಗರಿಯೂ ಬರುತ್ತದೆ. ಚಿಗರಿ ಕೊಂದರೆ 3ರಿಂದ 7 ವರ್ಷ ಸೆರೆ. ಒಳಗೆ ಹೋಗುವುದು ನಾಯಿಯಲ್ಲ.

ಸರಪಳಿಯಲ್ಲಿ ಹಗಲೂ ರಾತ್ರಿ ಕಟ್ಟಿದ ಮುಧೋಳ ನಾಯಿಗೆ ಏನಾಗುತ್ತದೆ? ಕಾಲಿನ ಕಸುವು ಹೋಗುತ್ತದೆ, ಸ್ವಭಾವ ಕೆಡುತ್ತದೆ, ಕಡೆಗೆ ಮಕ್ಕಳಿಗೂ ಹಲ್ಲು ತೋರಿಸುತ್ತದೆ. ಆಮೇಲೆ ಮಾಲೀಕ ಒಂದು ದಿನ ಟಂಟಂನಲ್ಲಿ ಹಾಕಿ ಧಾಬಾದ ಹತ್ತಿರ ಇಳಿಸಿ ಬರುತ್ತಾನೆ. ಬೀದಿ ನಾಯಿಗಳ ಜೊತೆ ಬೆರೆತು ತಳಿಯೂ ಹೋಯಿತು, ನಾಯಿಯೂ ಹೋಯಿತು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಹೀಗೆ ಬಿಟ್ಟು ಬರುವುದೂ ಅಪರಾಧ, ಓಡಾಡಿಸದೆ ಸದಾ ಕಟ್ಟಿಹಾಕುವುದೂ ಅಪರಾಧ. ಮೊದಲ ತಪ್ಪಿಗೆ ದಂಡ ಎಷ್ಟು ಗೊತ್ತೇ? 10ರಿಂದ 50 ರೂಪಾಯಿ. ಮಂದಿಗೆ ಮಿರ್ಚಿ ಭಜಿ ತಿನ್ನಿಸಿದರೂ ಇದಕ್ಕಿಂತ ಜಾಸ್ತಿ ಖರ್ಚಾಗುತ್ತದೆ. ಇಂಥ ಕಾಯ್ದೆಗೆ ಯಾರು ಹೆದರುತ್ತಾರೆ?

ದೇವಲ ಗಾಣಗಾಪುರ ಇದೇ ಅಫಜಲಪುರ ತಾಲೂಕಿನಲ್ಲಿದೆ. ದತ್ತಾತ್ರೇಯನ ಪಟದಲ್ಲಿ ಕಾಲ ಬಳಿ ನಾಲ್ಕು ನಾಯಿಗಳು, ನಾಲ್ಕು ವೇದಗಳೆಂದು ಭಕ್ತರು ಕೈ ಮುಗಿಯುತ್ತಾರೆ. ಆ ನಾಲ್ಕರ ಕೊರಳಲ್ಲಿ ಸರಪಳಿ ಯಾರೂ ಬರೆದಿಲ್ಲ.

ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಈ ತಳಿಗೆಂದೇ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ಅದು ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಬೀದರು ನಮಗೆ ದೂರವೇ? ಈ ಮೂರು ತಾಲೂಕುಗಳ ಪಶು ಆಸ್ಪತ್ರೆಗಳಲ್ಲಿ ವರ್ಷಕ್ಕೊಂದು ದಿನ ಇಂಥ ನಾಯಿ ಸಾಕಿದವರನ್ನು ಕರೆಸಿ, ಹುಚ್ಚುನಾಯಿ ರೋಗದ ಲಸಿಕೆ ಹಾಕಿ, ಯಾವುದು ಅಸಲಿ ತಳಿ, ಯಾವುದು ಬೆರಕೆ ಎಂದು ಬರೆದಿಟ್ಟುಕೊಂಡು, ಸಾಕುವ ರೀತಿ ನಾಲ್ಕು ಮಾತಿನಲ್ಲಿ ಹೇಳಿ ಕಳಿಸಲಿ. ಮರಿ ಕೊಡುವವರೂ ದುಡ್ಡು ಎಣಿಸುವ ಮೊದಲು ಒಂದು ಪ್ರಶ್ನೆ ಕೇಳಲಿ: ‘ಓಡಾಕ ಜಾಗಾ ಅದ ಏನ್ರಿ ನಿಮ್ಮಲ್ಲಿ?’