ಎರಡು ಹಾಡುಗಳ ನಡುವೆ ಒಂದು ಬದುಕು

ಎಫ್‌ಎಂ ಸ್ಟೇಷನ್ನಿನ ಮೀಟಿಂಗ್‌ನಲ್ಲಿ ‘ಡಾಕ್ಯುಮೆಂಟರಿ’ ಅನ್ನೋ ಪದ ಬಿತ್ತು ಅಂದ್ರೆ ಸಾಕು, ಎದುರಿಗೆ ಕೂತವರ ಕೈ ತಾನಾಗಿಯೇ ಫೋನ್ ಕಡೆ ಹೋಗುತ್ತೆ. ಅವರ ಕಿವಿಗೆ ಅದು ಗಂಭೀರ ದನಿಯಲ್ಲಿ ಯಾರೋ ಪಾಠ ಓದಿದ ಹಾಗೆ ಕೇಳಿಸುತ್ತೆ. ಆಕಾಶವಾಣಿಯವರು ಇದನ್ನು ‘ರೂಪಕ’ ಅಂತ ಚೆಂದದ ಹೆಸರಿಟ್ಟು ಕರೆಯುತ್ತಾರೆ. ಕಾಲೇಜು ಹುಡುಗರಿಗೆ ಹಾಡು ಹಾಕುವ ಸ್ಟೇಷನ್ನಿನಲ್ಲಿ ಆ ಹೆಸರೂ ಉಪಯೋಗಕ್ಕೆ ಬರಲ್ಲ.

ರೇಡಿಯೊ ಬಗ್ಗೆ ಇಲ್ಲಿ ಬರೆದಾಗಲೆಲ್ಲ ನಿಮ್ಮಲ್ಲಿ ಕೆಲವರು ಕೇಳುವ ಪ್ರಶ್ನೆ ಒಂದೇ: ‘ನಮ್ಮ ಹತ್ರ ಒಳ್ಳೆ ಐಡಿಯಾ ಇದೆ, ಎಫ್‌ಎಂನವರನ್ನ ಒಪ್ಪಿಸೋದು ಹೇಗೆ?’ ಇಂಥ ಕಾರ್ಯಕ್ರಮ ಮಾಡಿ ಮಾರುವುದೇ ನನ್ನ ಕೆಲಸ. ಹಾಗಾಗಿ ಈ ವಾರ ಅದರದ್ದೇ ಮಾತು.

ಮೊದಲು ಆ ಕಡೆ ಕೂತವರ ಕಷ್ಟ ಅರ್ಥ ಮಾಡ್ಕೋಬೇಕು. ಹಾಡಿಗಾಗಿ ಬಂದ ಕೇಳುಗನ ಬೆರಳು ಯಾವಾಗಲೂ ಬಟನ್ ಮೇಲೇ ಇರುತ್ತೆ. ಮಾತು ಸ್ವಲ್ಪ ಉದ್ದವಾದರೆ ಪಕ್ಕದ ಸ್ಟೇಷನ್ ಒಂದು ಒತ್ತಿನ ದೂರ. ಕೇಳುಗ ಹೋದರೆ ಜಾಹೀರಾತು ಹೋಯ್ತು, ಜಾಹೀರಾತು ಹೋದರೆ ಸಂಬಳ ಹೋಯ್ತು. 2001ರ ಜುಲೈನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಸ್ಟೇಷನ್ ಶುರುವಾಗಿದ್ದು ನಮ್ಮ ಬೆಂಗಳೂರಲ್ಲೇ. ಅವತ್ತಿನಿಂದ ಇವತ್ತಿನವರೆಗೂ ಈ ಲೆಕ್ಕ ಬದಲಾಗಿಲ್ಲ.

ಇನ್ನೊಂದು ಕಟ್ಟು ಕಾನೂನಿನದ್ದು. ಖಾಸಗಿ ಎಫ್‌ಎಂನವರು ಸ್ವಂತ ಸುದ್ದಿ ಓದುವ ಹಾಗಿಲ್ಲ. ಆಕಾಶವಾಣಿಯ ಬುಲೆಟಿನ್ ಇದ್ದ ಹಾಗೇ ಹಾಕಬಹುದು. ಟ್ರಾಫಿಕ್, ಹವಾಮಾನ, ಕ್ರಿಕೆಟ್ ಸ್ಕೋರ್, ಪರೀಕ್ಷೆಯ ಮಾಹಿತಿ ಇಂಥದ್ದಕ್ಕೆ ಅಡ್ಡಿ ಇಲ್ಲ. ಹಾಗಾಗಿ ಸುದ್ದಿಯ ವಾಸನೆ ಬರುವ ಯಾವ ಐಡಿಯಾ ಕಂಡರೂ ಅವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ.

ಹಾಗಾದ್ರೆ ಹಾಡು ಕೇಳುವ ಹುಡುಗರು ಕಥೆ ಕೇಳಲ್ವಾ? ಕೇಳ್ತಾರೆ ಕಣ್ರೀ. ಬಿಬಿಸಿಯ ಚಾರ್ಲ್ಸ್ ಪಾರ್ಕರ್, ಹಾಡುಗಾರರಾದ ಇವಾನ್ ಮೆಕಾಲ್ ಮತ್ತು ಪೆಗ್ಗಿ ಸೀಗರ್ ಸೇರಿ 1958ರಿಂದ 1964ರವರೆಗೆ ‘ರೇಡಿಯೊ ಬ್ಯಾಲೆಡ್ಸ್’ ಅನ್ನೋ ಎಂಟು ಕಾರ್ಯಕ್ರಮ ಮಾಡಿದರು. ರೈಲು ಓಡಿಸುವವರು, ಮೀನು ಹಿಡಿಯುವವರು, ಗಣಿ ಕಾರ್ಮಿಕರ ಹತ್ತಿರ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋದರು. ಆ ಕಾಲದಲ್ಲಿ ಸಾಮಾನ್ಯ ಜನರ ಮಾತನ್ನು ಬರೆದುಕೊಂಡು ಬಂದು ನಟರಿಂದ ಓದಿಸುವ ರೂಢಿ ಇತ್ತು. ಇವರು ಜನರ ದನಿಯನ್ನೇ ಇಟ್ಟರು, ಅವರ ಮಾತಿನಿಂದಲೇ ಹಾಡು ಕಟ್ಟಿದರು. 1963ರ ‘ಆನ್ ದಿ ಎಡ್ಜ್’ ಪೂರ್ತಿ ಹದಿಹರೆಯದವರದ್ದೇ.

ಆಮೇಲೆ 1993ರಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ಡೇವಿಡ್ ಐಸೇ ಎಂಬ ನಿರ್ಮಾಪಕ ಇನ್ನೂ ಮುಂದೆ ಹೋದ. ಬಡವರ ಕೇರಿಯ ಇಬ್ಬರು ಹುಡುಗರ ಕೈಗೇ ರೆಕಾರ್ಡರ್ ಕೊಟ್ಟ. ಲಿಆಲನ್ ಜೋನ್ಸ್ ಮತ್ತು ಲಾಯ್ಡ್ ನ್ಯೂಮನ್ ತಮ್ಮ ಮನೆ, ಶಾಲೆ, ಬೀದಿಯನ್ನು ತಾವೇ ರೆಕಾರ್ಡ್ ಮಾಡಿದ ‘ಘೆಟ್ಟೋ ಲೈಫ್ 101’ ಇವತ್ತು ಕೇಳಿದರೂ ಹಳತು ಅನ್ನಿಸಲ್ಲ. ಅಲ್ಲಿ ಮೇಲಿಂದ ನಿಂತು ವಿವರಿಸುವ ದೊಡ್ಡವರ ದನಿ ಇಲ್ಲ.

ಈಗ ಪಿಚ್‌ಗೆ ಬರೋಣ. ನನಗೆ ಬರುವ ಐಡಿಯಾಗಳಲ್ಲಿ ಹೆಚ್ಚಿನವು ವಿಷಯಗಳು, ಕಥೆಗಳಲ್ಲ. ‘ಡೆಲಿವರಿ ಹುಡುಗರ ಕಷ್ಟ’ ಒಂದು ವಿಷಯ. 2025ರಲ್ಲಿ ನಮ್ಮ ರಾಜ್ಯ ಗಿಗ್ ಕೆಲಸಗಾರರ ಸಾಮಾಜಿಕ ಭದ್ರತೆಗೆ ಕಾಯ್ದೆ ತಂದಾಗ ಪತ್ರಿಕೆಗಳು ಅದರ ಬಗ್ಗೆ ಬರೆದವು, ಬರೆಯಲೇಬೇಕಿತ್ತು. ಎಫ್‌ಎಂ ಸ್ಟೇಷನ್ ಅದೇ ಚರ್ಚೆ ಮಾಡೋಕಾಗಲ್ಲ, ಮಾಡಿದರೆ ಕೇಳುಗ ನಿಲ್ಲೋದೂ ಇಲ್ಲ. ಕಥೆಗೆ ಒಬ್ಬ ಮನುಷ್ಯ ಬೇಕು. ಅವನು ಏನನ್ನೋ ಬಯಸುತ್ತಿರಬೇಕು, ಯಾವುದೋ ಅಡ್ಡ ಬಂದಿರಬೇಕು. ಮುಖ್ಯವಾಗಿ, ಅದು ಕಿವಿಗೆ ಕೇಳಿಸಬೇಕು.

ಒಂದು ಉದಾಹರಣೆ ಹೇಳ್ತೀನಿ. ಹೋದ ವರ್ಷ ನನಗೆ ಕೊಪ್ಪಳ ಕಡೆಯ ಒಬ್ಬ ಹುಡುಗ ಸಿಕ್ಕ. ರಾತ್ರಿ ಊಟ ಡೆಲಿವರಿ ಮಾಡ್ತಾನೆ. ಹೋಟೆಲ್ ಮುಂದೆ ಆರ್ಡರಿಗೆ ಕಾಯುವಾಗ ಎಫ್‌ಎಂ ಹಾಕ್ಕೊಂಡಿರ್ತಾನೆ. ಬೈಕ್ ಹತ್ತಿದ ಮೇಲೆ ತಾನೇ ಹಾಡ್ತಾನೆ, ಹೆಲ್ಮೆಟ್ ಒಳಗೆ, ಶರೀಫರ ತತ್ವಪದ. ನಡುವೆ ಮ್ಯಾಪಿನ ಹೆಂಗಸು ‘ಎಡಕ್ಕೆ ತಿರುಗಿ’ ಅಂತಾಳೆ. ಅವನು ತಿರುಗಿ ಮತ್ತೆ ಪಲ್ಲವಿ ಹಿಡೀತಾನೆ. ಇಷ್ಟೇ ಆಗಿದ್ದರೂ ಚೆಂದದ ಐದು ನಿಮಿಷ ಆಗ್ತಿತ್ತು.

ಆದರೆ ಇನ್ನೊಂದು ಇತ್ತು. ಊರಲ್ಲಿ ಅವನ ತಾಯಿ ಮಗ ಆಫೀಸಲ್ಲಿ ಕೂತು ಕೆಲಸ ಮಾಡ್ತಾನೆ ಅಂದ್ಕೊಂಡಿದ್ದಾರೆ. ಡಿಗ್ರಿ ಓದಿಸಿದ್ದಾರಲ್ಲ. ಮನೆಯಿಂದ ಫೋನ್ ಬಂತು ಅಂದ್ರೆ ಹಾಡು ನಿಲ್ಲುತ್ತೆ. ಅವನು ಬೈಕನ್ನು ಬದಿಗೆ ಹಾಕಿ, ಎಂಜಿನ್ ಆಫ್ ಮಾಡಿ, ಯಾವುದಾದರೂ ಗೋಡೆ ಮರೆಗೆ ಹೋಗಿ ‘ಹಾಂ ಅವ್ವಾ, ಈಗ ಊಟಾ ಆತು’ ಅಂತಾನೆ. ರಸ್ತೆ ಸದ್ದು ಅವ್ವನಿಗೆ ಕೇಳಬಾರದು ಅಂತ ಆ ಗೋಡೆ.

ನಾನು ಸ್ಟೇಷನ್ನಿಗೆ ತಗೊಂಡು ಹೋಗಿದ್ದು ನಲವತ್ತು ಸೆಕೆಂಡಿನ ಕ್ಲಿಪ್ ಮಾತ್ರ. ಹಾಡು, ಫೋನ್ ರಿಂಗ್, ಎಂಜಿನ್ ನಿಂತ ಸದ್ದು. ಕ್ಲಿಪ್ ಫೋನ್ ಎತ್ತುವ ಮೊದಲೇ ಮುಗಿಯುತ್ತೆ. ಜತೆಗೆ ಎರಡು ಸಾಲು: ‘ನಿಮ್ಮ ರಾತ್ರಿ ಶೋ ಕೇಳುವ ಹುಡುಗ ಅವ್ವನಿಗೆ ಒಂದು ಸುಳ್ಳು ಹೇಳ್ತಿದ್ದಾನೆ. ಆ ಸುಳ್ಳು ಉಳಿಸಿಕೊಳ್ಳೋಕೆ ದಿನಾ ಎಂಜಿನ್ ಆಫ್ ಮಾಡ್ತಾನೆ.’ ‘ಡಾಕ್ಯುಮೆಂಟರಿ’ ಅನ್ನೋ ಪದ ನಾನು ಬಳಸಲೇ ಇಲ್ಲ. ಫೋನ್ ನೋಡ್ತಿದ್ದವರು ತಲೆ ಎತ್ತಿದರು.

ಆಮೇಲೆ ಬಂದವು ಪ್ರಶ್ನೆಗಳು. ‘ಇಪ್ಪತ್ತೈದು ನಿಮಿಷ ಯಾರು ಕೇಳ್ತಾರೆ ಮೇಡಂ?’ ನಾಲ್ಕು ನಿಮಿಷದ ಐದು ತುಂಡು ಮಾಡಿ ರಾತ್ರಿ ಶೋನಲ್ಲಿ ಹಾಡುಗಳ ನಡುವೆ ಹಾಕೋಣ, ಪೂರ್ತಿಯದ್ದು ಆ್ಯಪ್‌ನಲ್ಲಿರಲಿ ಅಂದೆ. ‘ಹಾಡಿನ ಹಕ್ಕು?’ ಸಿನಿಮಾ ಹಾಡನ್ನು ಎಫ್‌ಎಂನಲ್ಲಿ ಹಾಕುವ ಲೈಸೆನ್ಸ್ ಇದ್ದ ಮಾತ್ರಕ್ಕೆ ಪಾಡ್‌ಕಾಸ್ಟ್‌ನಲ್ಲೂ ಹಾಕೋಕಾಗಲ್ಲ. ಇಲ್ಲಿ ಹಾಡೋನು ಅವನೇ, ಪದವೋ ಹತ್ತೊಂಬತ್ತನೇ ಶತಮಾನದ್ದು. ‘ಕಂಪನಿ ಹೆಸರು ಬರುತ್ತಾ? ಅವರ ಜಾಹೀರಾತು ನಮ್ಮಲ್ಲಿದೆ.’ ಹೆಸರು ಬರಲ್ಲ, ಆದರೆ ಪೆಟ್ರೋಲ್ ಕಳೆದು ಕೈಗೆಷ್ಟು ಉಳೀತು ಅಂತ ಅವನು ಲೆಕ್ಕ ಹಾಕುವ ಭಾಗ ಇರಲೇಬೇಕು ಅಂದೆ. ಸ್ವಲ್ಪ ಎಳೆದಾಡಿ ಒಪ್ಪಿದರು.

ಕೊನೆಯ ಬೇಡಿಕೆ ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತು. ‘ಅವನು ಅಮ್ಮನಿಗೆ ನಿಜ ಹೇಳುವ ಕಾಲ್ ರೆಕಾರ್ಡ್ ಮಾಡಿ. ಅದೇ ಕ್ಲೈಮ್ಯಾಕ್ಸ್. ರೀಲ್ಸ್‌ನಲ್ಲಿ ಓಡುತ್ತೆ.’

ಓಡುತ್ತಿತ್ತು, ಅದರಲ್ಲಿ ನನಗೂ ಅನುಮಾನ ಇರಲಿಲ್ಲ. ಬೆಂಗಳೂರಿನ ಎಫ್‌ಎಂ ಅಲೆ ಕೊಪ್ಪಳ ಮುಟ್ಟಲ್ಲ. ಆದರೆ ರೀಲ್ ಮುಟ್ಟುತ್ತೆ. ಪಕ್ಕದ ಮನೆಯವರ ಫೋನಲ್ಲಿ, ಸಂತೆಯಲ್ಲಿ, ಸಂಘದ ಮೀಟಿಂಗಲ್ಲಿ ಆ ತಾಯಿಯ ದನಿ ಕೇಳಿಸುತ್ತೆ. ಕಾರ್ಯಕ್ರಮಕ್ಕೆ ಒಪ್ಪಿದ್ದು ಮಗ, ಅವರನ್ನು ಯಾರೂ ಕೇಳಿರಲಿಲ್ಲ.

ಅವನನ್ನೇ ಕೇಳಿದೆ. ಸ್ವಲ್ಪ ಹೊತ್ತು ಹೆಲ್ಮೆಟ್ಟಿನ ಬೆಲ್ಟ್ ತಿರುಗಿಸ್ತಾ ಕೂತ. ‘ಅವ್ವಗ ನಾನ ಹೇಳ್ತೀನ್ರೀ ಅಕ್ಕಾ. ಅಕಿ ಅಳೋದು ಬ್ಯಾರೆಯವ್ರು ಯಾಕ ಕೇಳಬೇಕು?’ ಅಂದ.

ನಾನು ಸ್ಟೇಷನ್ನಿಗೆ ಆ ಮಾತನ್ನೇ ತಗೊಂಡು ಹೋದೆ. ಕಾಲ್ ಇರಲ್ಲ, ತಾಯಿಯ ದನಿ ಇರಲ್ಲ, ಅವನು ಹೇಳಿದ ಮೇಲೆಯೇ ಪ್ರಸಾರ. ಕೊನೆಯ ತುಂಡಿನಲ್ಲಿ ಎಂಜಿನ್ ಆಫ್ ಆಗುತ್ತೆ, ಒಂದು ಕ್ಷಣ ಏನೂ ಕೇಳಿಸಲ್ಲ, ಆಮೇಲೆ ಸ್ಟೇಷನ್ನಿನ ಹಾಡು ಶುರು. ಪ್ರೋಗ್ರಾಮಿಂಗ್ ನೋಡಿಕೊಳ್ಳುವವರು, ‘ಸಂಗೀತದ ಸ್ಟೇಷನ್ನಲ್ಲಿ ಸೈಲೆನ್ಸ್ ಹಾಕಿ ಅಂತೀರಲ್ಲ’ ಎಂದು ನಕ್ಕರು. ಎರಡು ವಾರ ಉತ್ತರ ಬರಲಿಲ್ಲ. ಮೂರನೇ ವಾರ ಒಂದು ಮೆಸೇಜ್: ‘ಎಷ್ಟು ಸೆಕೆಂಡ್ ಸೈಲೆನ್ಸ್?’

ನಾಲ್ಕು ಅಂದೆ. ಮೂರಕ್ಕೆ ಇಳಿಸಿದರು.

ಅವನು ಊರಿಗೆ ಹೋಗಿ ತಾಯಿಗೆ ಹೇಳಿ ಬಂದ ಮೇಲೆ ಕಾರ್ಯಕ್ರಮ ಪ್ರಸಾರವಾಯ್ತು. ಅಲ್ಲಿ ಏನು ಮಾತಾಯ್ತು ಅಂತ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಈಗ ಫೋನ್ ಬಂದರೆ ಬೈಕ್ ನಿಲ್ಲಿಸ್ತಾನಂತೆ, ಗೋಡೆ ಹುಡುಕಲ್ವಂತೆ.

ನೀವು ಪಿಚ್ ಬರೆಯೋಕೆ ಕೂತಾಗ ಒಬ್ಬ ಮನುಷ್ಯ, ಎರಡು ಸಾಲು, ಅರ್ಧ-ಮುಕ್ಕಾಲು ನಿಮಿಷದ ಸದ್ದು, ಹಾಡಿಗೆ ಕಥೆಯಲ್ಲಿ ಒಂದು ಕೆಲಸ, ಇಷ್ಟು ಇದೆಯಾ ನೋಡಿ. ಇದ್ದರೆ ಬಾಗಿಲು ತೆರೆಯುವ ಸಾಧ್ಯತೆ ಇದೆ. ಅದಕ್ಕೂ ಮೊದಲು ಆ ಮನುಷ್ಯನ ಹತ್ತಿರ ಕೂತು ಒಂದು ಪ್ರಶ್ನೆ ಕೇಳಿ: ‘ಇದನ್ನ ಯಾರು ಕೇಳಬಾರದು?’ ಉತ್ತರವನ್ನು ನಿಮ್ಮ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿಡಿ. ಮೀಟಿಂಗ್ ರೂಮಿಗೆ ಹೋಗುವಾಗ ಆ ಪುಟ ಜತೆಗಿರಲಿ.